ಕ್ವಾರ್ಟರ್ಸ್ ತಾರಸಿಯ ಮೇಲೆ ಒಂದು ಭಾನುವಾರ

2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಸುರಿದಿತ್ತು. ಟಿವಿ ಹಾಕಿದರೆ ಬೆಳ್ಳಂದೂರು, ಹೊರವರ್ತುಲ ರಸ್ತೆ, ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೊರಟ ಸಾಫ್ಟ್‌ವೇರ್ ಮಂದಿ. ನಮ್ಮ ಸರ್ಕಾರಿ ಕ್ವಾರ್ಟರ್ಸ್ ಕಡೆ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ತಿರುಗಿಸಿದ್ದರೂ ಹೊರಗಿನಿಂದ ಕಾಣುವಂಥದ್ದು ಅಷ್ಟಾಗಿ ಇರಲಿಲ್ಲ. ನಮ್ಮಲ್ಲಿ ನೀರು ಬಾಗಿಲಿನಿಂದ ನುಗ್ಗಲಿಲ್ಲ. ಸೀಲಿಂಗಿನಿಂದ, ಗೋಡೆಯ ಒಳಗಿಂದ, ಫ್ಯಾನಿನ ಕೊಕ್ಕೆಯಿಂದ ಇಳಿಯಿತು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ನಮ್ಮತ್ತೆ ಮೇನ್ ಸ್ವಿಚ್ ಆಫ್ ಮಾಡಿ, ಹಾಸಿಗೆಗಳನ್ನೆಲ್ಲ ಅಡುಗೆಮನೆಗೆ ಎಳೆದು ಹಾಕಿ, ಪಾತ್ರೆ ಬಕೆಟ್ಟುಗಳ ನಡುವೆ ಕೂತಿದ್ದರು. ಫ್ಯಾನಿನ ಬಟ್ಟಲಿನಿಂದ ತೊಟ್ಟಿಕ್ಕುವ ನೀರು ಕಂಡ ಕೂಡಲೇ ಕರೆಂಟ್ ತೆಗೆಯಬೇಕು ಎಂದು ಅವರಿಗೆ ತಾನಾಗಿ ಹೊಳೆದದ್ದು ನಮ್ಮ ಪುಣ್ಯ. ವೈರು ಹಾದುಹೋಗುವ ಪೈಪಿನಲ್ಲೇ ನೀರು ಇಳಿಯುತ್ತಿತ್ತು. ಅದೇ ಹೊತ್ತಿಗೆ, ಬೆಂಗಳೂರಿಗೆ ಕುಡಿಯುವ ನೀರು ಕಳಿಸುವ ಮಳವಳ್ಳಿ ಬಳಿಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೆ ಮಳೆನೀರು ನುಗ್ಗಿ ಊರಿನ ಬಹಳಷ್ಟು ಕಡೆ ಕಾವೇರಿ ನೀರು ಬಂದ್ ಆಗಿತ್ತು. ಮನೆ ತುಂಬ ನೀರು, ನಲ್ಲಿಯಲ್ಲಿ ಹನಿ ಇಲ್ಲ. ಬಕೆಟ್ಟಿಗೆ ಬಿದ್ದ ಸೋರುನೀರನ್ನೇ ಕಕ್ಕಸಿಗೆ ಹೊಯ್ದೆವು.

ಮಳೆ ನಿಂತ ಮೇಲೆ ಶುರುವಾಗುವುದೇ ನಿಜವಾದ ತಾಪತ್ರಯ. ವಾರದೊಳಗೆ ಬೀರುವಿನ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಎದ್ದಿತು. ಮಗಳ ಅಂಕಪಟ್ಟಿ ಇಟ್ಟಿದ್ದ ಫೈಲು ಒಂದಕ್ಕೊಂದು ಅಂಟಿ ಹಪ್ಪಳವಾಗಿತ್ತು. ನಾವಿರುವುದು ಮೇಲಿನ ಮಹಡಿ. ನೆಲಮಹಡಿಯ ಕಥೆ ಬೇರೆ. ಅಲ್ಲಿ ಸೀಲಿಂಗ್ ಒಣಗಿಯೇ ಇದೆ, ಗೋಡೆ ಮಾತ್ರ ಬುಡದಿಂದ ಸೊಂಟದ ಎತ್ತರದವರೆಗೆ ಒದ್ದೆ. ಅದರ ಮೇಲಂಚಿನಲ್ಲಿ ಬಿಳಿ ಉಪ್ಪು, ಮುಟ್ಟಿದರೆ ಪುಡಿಪುಡಿ. ಆ ಮನೆಯ ಹುಡುಗನಿಗೆ ನಾಲ್ಕು ವರ್ಷ. ಮೊದಲೇ ಉಬ್ಬಸ. ಅವರಮ್ಮ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ "ಸಿಸ್ಟರ್, ಒಂಚೂರು ಬಂದು ನೋಡಿ, ಮತ್ತೆ ಕಟ್ಕೊಂಡಿದೆ" ಎನ್ನುವಾಗ ನನ್ನ ಕೈಯಲ್ಲಿ ಇರುವುದು ನೆಬ್ಯುಲೈಸರ್ ಒಂದೇ. ಔಷಧಿ ಕೊಟ್ಟು ಅದೇ ಕೋಣೆಯಲ್ಲಿ ಮಲಗಿಸಿದರೆ ಏನು ಬಂತು? ಆ ಗೋಡೆಗೂ ಚಿಕಿತ್ಸೆ ಆಗಬೇಕಿತ್ತು.

ಬೂಷ್ಟು ಹೋಗಲೆಂದು ಪಕ್ಕದ ಬ್ಲಾಕಿನವರೊಬ್ಬರು ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಲು ಹೊರಟಿದ್ದರು. ಓಡಿಹೋಗಿ ತಡೆದೆ. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಬೂಷ್ಟನ್ನು ಒಣಗಿದ್ದಾಗ ಕೆರೆಯಬಾರದು, ಪುಡಿ ಹಾರಿ ಮೂಗಿಗೆ ಹೋಗುತ್ತದೆ. ಸೋಪಿನ ನೀರಲ್ಲಿ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು, ಮಕ್ಕಳನ್ನು ಆಚೆ ಕಳಿಸಿ ಒರೆಸಿ ತೆಗೆಯಬೇಕು. ಆ ವಾರವೆಲ್ಲ ಮನೆಮನೆಗೆ ಹೋಗಿ ಇದನ್ನೇ ಹೇಳಿದೆ.

ಕ್ವಾರ್ಟರ್ಸಿನಲ್ಲಿ ಇರುವವರಿಗೆ ಮನೆ ಬಾಡಿಗೆ ಭತ್ಯೆ ಸಿಗುವುದಿಲ್ಲ. ಅಂದರೆ ಈ ಗೋಡೆಗಳಿಗೆ ನಾವು ತಿಂಗಳು ತಿಂಗಳು ಹಣ ಬಿಡುತ್ತಲೇ ಇದ್ದೇವೆ. ಆದರೂ ರಿಪೇರಿ ಕೇಳಲು ಹೋದರೆ ದಾನ ಕೇಳಲು ಹೋದವರ ಹಾಗೆ ನಿಲ್ಲಿಸುತ್ತಾರೆ. ಅರ್ಜಿ ಕೊಟ್ಟು ಅಲೆದ ಮೇಲೆ ಸಂಬಂಧಪಟ್ಟವರು ಬಂದರು, ನೋಡಿದರು, "ಕೆರೆದು ಪುಟ್ಟಿ ಹಚ್ಚಿ ಒಂದು ಕೋಟ್ ಹೊಡೆಸ್ತೀವಿ" ಅಂದರು. ಹಲವರಿಗೆ ಅದೇ ಸಾಕೆನಿಸಿತ್ತು, ದಸರಾ ಎದುರಿಗಿತ್ತು. ನಾನು ಮತ್ತು ಎರಡನೇ ಮಹಡಿಯ ನಿವೃತ್ತಿಗೆ ಹತ್ತಿರವಿದ್ದ ಮೇಷ್ಟ್ರು ಬೇಡವೆಂದು ಹಟ ಹಿಡಿದೆವು. ಒದ್ದೆ ಗೋಡೆಗೆ ಬಣ್ಣ ಬಳಿಯುವುದು ಕೀವು ತೆಗೆಯದೆ ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ.

ಮೇಷ್ಟ್ರಿಗೆ ಗೊತ್ತಿದ್ದ ಗಾರೆ ಮೇಸ್ತ್ರಿಯೊಬ್ಬರು ಯಾದಗಿರಿ ಕಡೆಯವರು. ಭಾನುವಾರ ಅವರಿಗೆ ಬಿಡುವು. ಮನೆಗಿಷ್ಟು ಅಂತ ಸೇರಿಸಿ ಅವರ ಒಂದು ದಿನದ ಕೂಲಿ ಕೊಡುವುದೆಂದು ಮಾತಾಯಿತು. ಬಂದವರು ನಮ್ಮ ಮನೆಯ ಗೋಡೆ ಕಡೆ ಸರಿಯಾಗಿ ನೋಡಲೂ ಇಲ್ಲ.

"ಗ್ವಾಡಿ ಆಮ್ಯಾಲ ನೋಡಮು ಅಕ್ಕೋರೆ. ನೀರು ಎಲ್ಲಿಂದ ಬರ್ಲಾಕತ್ತದ ಅದು ಮೊದ್ಲ ನೋಡಬೇಕ್ರಿ. ಮ್ಯಾಲ ನಡೀರಿ."

ತಾರಸಿಯ ಬಾಗಿಲಿಗೆ ಬೀಗ. ಕೀಲಿ ಹುಡುಕಿ ತರುವಷ್ಟರಲ್ಲಿ ಅರ್ಧ ಬ್ಲಾಕು ಮೆಟ್ಟಿಲ ಮೇಲೆ ಸೇರಿತ್ತು. ಇಷ್ಟು ವರ್ಷ ಅದರ ಕೆಳಗೇ ಬದುಕಿದ್ದರೂ ನಮ್ಮಲ್ಲಿ ಬಹಳ ಮಂದಿ ತಾರಸಿ ನೋಡಿದ್ದು ಅವತ್ತೇ ಮೊದಲು. ಮಳೆ ಬಿಟ್ಟು ದಿನಗಳೇ ಆಗಿದ್ದರೂ ಒಂದು ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಮೇಸ್ತ್ರಿ ಪ್ಯಾಂಟು ಮಡಚಿ ಅದರೊಳಗೆ ಇಳಿದು ಮಳೆನೀರು ಪೈಪಿನ ಬಾಯಿಗೆ ಕೈ ಹಾಕಿದರು. ಹಾಲಿನ ಕವರು, ಎಲೆ, ಪಾರಿವಾಳದ ಗೂಡಿನ ಕಡ್ಡಿ, ಯಾವುದೋ ಮಗುವಿನ ಒಂಟಿ ಚಪ್ಪಲಿ, ಎಲ್ಲ ಕೆಸರಿನ ಜೊತೆ ಮುದ್ದೆಯಾಗಿ ಬಂತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗೊರಗೊರ ಎನ್ನುತ್ತ ಸುಳಿ ಎದ್ದು ನೀರು ಇಳಿಯತೊಡಗಿತು. ಅಷ್ಟರಲ್ಲಿ ಕೆಳಗಿನಿಂದ ಕೂಗು, "ನಿಲ್ಸಿ, ನಿಲ್ಸಿ, ಗೋಡೆ ಮೇಲೆಲ್ಲ ಬರ್ತಿದೆ!" ಎರಡನೇ ಮಹಡಿಯ ಹತ್ತಿರ ಪೈಪಿನ ಬೆಂಡ್ ಒಡೆದುಹೋಗಿತ್ತು. ಇಡೀ ತಾರಸಿಯ ನೀರು ಅಲ್ಲಿಂದ ಗೋಡೆಗೇ ಬಡಿದು, ನೇರ ನೆಲಮಹಡಿಯ ಆ ಹುಡುಗನ ಕೋಣೆಯ ಪಾಯದ ಬಳಿ ಬೀಳುತ್ತಿತ್ತು.

ಅವರ ಮನೆ ಒದ್ದೆ ಬೇರೆ, ನಮ್ಮ ಮನೆ ಸೋರಿಕೆ ಬೇರೆ ಎಂದುಕೊಂಡಿದ್ದ ಎಲ್ಲರೂ ಪ್ಯಾರಾಪೆಟ್ಟಿಗೆ ಒರಗಿ ಕೆಳಗೆ ನೋಡುತ್ತಾ ನಿಂತರು. ಒಂದೊಂದು ಮನೆಯವರು ಒಂದೊಂದು ಅರ್ಜಿ ಬರೆದು ಕೊಟ್ಟಿದ್ದೆವು, ನನ್ನ ಸೀಲಿಂಗು, ನನ್ನ ಗೋಡೆ ಅಂತ. ನೀರಿಗೆ ಮನೆ ನಂಬರು ಇಲ್ಲ. ಅವತ್ತು ಅಲ್ಲೇ ತಾರಸಿಯ ಮೇಲೆ ಮೇಷ್ಟ್ರು ಇಡೀ ಬ್ಲಾಕಿಗೆ ಒಂದೇ ಅರ್ಜಿ ಬರೆಯಲು ಕೂತರು.

ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತ ನಡೆದರು. ಗಟ್ಟಿಯಿರುವ ಕಡೆ ಟಣ್ ಎನ್ನುತ್ತಿತ್ತು, ಟೊಳ್ಳಾದ ಕಡೆ ಬೊದಬೊದ. ಹಳೆಯ ಇಟ್ಟಿಗೆ ಜಲ್ಲಿ, ಸುಣ್ಣದ ಪದರ ಕೆಳಗಿನ ಸ್ಲ್ಯಾಬಿನಿಂದ ಬಿಟ್ಟುಕೊಂಡ ಜಾಗಗಳವು. ಅಲ್ಲಿ ಒಳಸೇರಿದ ನೀರು ಎಷ್ಟೋ ಅಡಿ ದೂರ ಹರಿದು ಮತ್ತೆಲ್ಲೋ ಇಳಿಯುತ್ತದೆ. ನಮ್ಮ ನಡುಮನೆಯ ಸೋರಿಕೆಯ ಮೂಲ ಸಿಕ್ಕಿದ್ದು ನಡುಮನೆಯ ಮೇಲಲ್ಲ, ನೀರಿನ ಟ್ಯಾಂಕಿನ ಬುಡದಲ್ಲಿ. ಡಿಶ್ ಆಂಟೆನಾಗಳಿಗೆಂದು ಕೊರೆದ ಬೋಲ್ಟಿನ ತೂತುಗಳು ಬಾಯಿ ತೆರೆದೇ ಇದ್ದವು. ಪ್ಯಾರಾಪೆಟ್ಟು ನೆಲ ಸೇರುವ ಸಂದಿಯಲ್ಲಿ ಮೊಳಕಾಲೆತ್ತರದ ಅರಳಿ ಗಿಡ. ಕಿತ್ತರೆ ಮೇಲಿನದು ಮಾತ್ರ ಕೈಗೆ ಬರುತ್ತದೆ, ಬೇರು ಉಳಿದು ಮತ್ತೆ ಚಿಗುರುತ್ತದೆ. ಗಾರೆ ಬಿಡಿಸಿ ಬೇರು ಹುಡುಕಿ ತೆಗೆಯುವುದಕ್ಕೇ ಮಧ್ಯಾಹ್ನವಾಯಿತು.

ಊಟ ಆದಮೇಲೆ ಅವರು ಒಳಗಿನ ಗೋಡೆಗಳನ್ನು ನೋಡಿದರು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ ಅಂದರು. ಹಾಳೆಯ ಒಳಮೈಯಲ್ಲಿ ಹನಿಗೂಡಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಬೆವರಿದರೆ ಅದು ಕೋಣೆಯ ಗಾಳಿಯ ತೇವ, ಬಟ್ಟೆ ಒಳಗೆ ಒಣಹಾಕುವುದರಿಂದ, ಅಡುಗೆಯ ಹಬೆಯಿಂದ. ನಮ್ಮದು ಒಳಮೈ. ಮೊದಲ ಮಹಡಿಯ ಒಂದು ಮನೆಯಲ್ಲಿ ಮಾತ್ರ ಹೊರಮೈ. ಅವರಿಗೆ ಬೇಕಾಗಿದ್ದು ಬಚ್ಚಲಿಗೊಂದು ಎಕ್ಸಾಸ್ಟ್ ಫ್ಯಾನು ಮತ್ತು ಬೀರುವನ್ನು ಗೋಡೆಯಿಂದ ಗೇಣು ದೂರ ಸರಿಸುವುದು, ಅಷ್ಟೇ.

ಅವತ್ತು ಸಂಜೆಯೊಳಗೆ ಒಡೆದ ಬೆಂಡ್ ಬದಲಾಯಿತು, ಪೈಪಿನ ಬಾಯಿಗೆ ಜಾಲರಿ ಬಂತು, ತೂತುಗಳು ಮುಚ್ಚಿದವು, ಟೊಳ್ಳು ಜಾಗದ ಮೇಲೆ ಟಾರ್ಪಾಲು ಬಿತ್ತು. ಅದು ಬರೀ ತಾತ್ಕಾಲಿಕ. ಅಕ್ಟೋಬರ್ ಮಳೆಯೂ ಬಿಡಲಿಲ್ಲ. 2017ರಲ್ಲಿ ಆಗಿದ್ದ ವಾರ್ಷಿಕ ದಾಖಲೆಯನ್ನು ಬೆಂಗಳೂರು ಆ ತಿಂಗಳೇ ದಾಟಿತು. ನಮ್ಮ ನಡುಮನೆಯಲ್ಲಿ ಇಡಬೇಕಾದ ಬಕೆಟ್ಟು ಒಂದಕ್ಕಿಳಿಯಿತು. ನೆಲಮಹಡಿಯ ಗೋಡೆಗೆ ಹೊಸ ನೀರು ಬಡಿಯುವುದು ನಿಂತಿತು.

ಒಟ್ಟು ಬ್ಲಾಕಿನ ಅರ್ಜಿಗೆ, ಫೋಟೊಗಳ ಸಮೇತ ಹಿಂದೆ ಬಿದ್ದದ್ದಕ್ಕೆ, ತಾರಸಿ ಕೆಲಸ ಮಂಜೂರಾಯಿತು. ಡಿಸೆಂಬರಿನಲ್ಲಿ ಮ್ಯಾಂಡಸ್ ಚಂಡಮಾರುತದ ಜಡಿಮಳೆ ಬಂದದ್ದರಿಂದ ಶುರುವಾದದ್ದು ಸಂಕ್ರಾಂತಿಯ ಮೇಲೆ. ಟೊಳ್ಳು ಪದರ ಒಡೆದು ತೆಗೆದು, ನೀರು ಪೈಪಿನ ಕಡೆಗೆ ಇಳಿಯುವಂತೆ ವಾಟ ಕೊಟ್ಟು ಹೊಸದಾಗಿ ಹಾಕಿದರು. ಪ್ಯಾರಾಪೆಟ್ಟಿನ ಮೂಲೆಯನ್ನು ದುಂಡಗೆ ಮಾಡಿ, ವಾಟರ್‌ಪ್ರೂಫ್ ಕೋಟಿಂಗ್ ಒಮ್ಮೆ ಉದ್ದಕ್ಕೆ, ಒಣಗಿದ ಮೇಲೆ ಮತ್ತೊಮ್ಮೆ ಅಡ್ಡಕ್ಕೆ ಬಳಿದರು. ಬಿಲ್ ಆಗುವ ಮೊದಲು ಮಣ್ಣಿನ ಬದು ಕಟ್ಟಿ ಎರಡು ದಿನ ನೀರು ನಿಲ್ಲಿಸಿ ತೋರಿಸಬೇಕೆಂದು ಮೇಷ್ಟ್ರು ಬಿಗಿಯಾಗಿ ಕೂತರು. ಗುತ್ತಿಗೆದಾರರ ಮುಖ ಸಣ್ಣದಾಯಿತು, ಆದರೂ ನಿಲ್ಲಿಸಿದರು. ಎಲ್ಲ ಮನೆಯವರೂ ಟಾರ್ಚ್ ಹಿಡಿದು ತಮ್ಮ ತಮ್ಮ ಸೀಲಿಂಗ್ ಕಾದರು. ಸೋರಲಿಲ್ಲ.

ನಮ್ಮ ಅಡುಗೆಮನೆಯ ಸೀಲಿಂಗಿನಲ್ಲಿ ಗಾರೆ ಉದುರಿ ಕಂಬಿ ಕಾಣುತ್ತಿತ್ತು. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ತನ್ನ ಮೇಲಿನ ಗಾರೆಯನ್ನೇ ಒಡೆದು ಕೆಡವುತ್ತದೆ. ಅದಕ್ಕೆ ಬರೀ ಸಿಮೆಂಟ್ ಮೆತ್ತಿದರೆ ಮುಂದಿನ ಮಳೆಗೆ ತಟ್ಟೆಯಲ್ಲಿ ಬೀಳುತ್ತದೆ. ವೈರ್ ಬ್ರಷ್‌ನಲ್ಲಿ ಕಂಬಿ ಹೊಳೆಯುವ ತನಕ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಆಮೇಲೆ ಪಾಲಿಮರ್ ಗಾರೆ ಹಾಕಿಸಿಕೊಂಡೆವು. ಬಣ್ಣಕ್ಕೆ ಬೇಸಿಗೆ ಮುಗಿಯುವವರೆಗೂ ಕಾದೆವು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಕುಡಿದ ನೀರನ್ನು ಬಿಡಲು ತಿಂಗಳುಗಳೇ ಬೇಕು. ಬಂದ ನೆಂಟರು "ಇದೇನು ಮನೆ ಹೀಗಿದೆ" ಅಂದರೂ ಅತ್ತೆ ಜಗ್ಗಲಿಲ್ಲ.

ನೆಲಮಹಡಿಯ ಗೋಡೆ ಇನ್ನೂ ಪೂರ್ತಿ ಒಣಗಿಲ್ಲ. ರಸ್ತೆ ಎತ್ತರಿಸುವಾಗ ಪಾಯಕ್ಕೆ ಒತ್ತಿ ರಾಶಿ ಹಾಕಿದ್ದ ಮಣ್ಣನ್ನು ನಾವೇ ತೋಡಿ ತೆಗೆದಿದ್ದೇವೆ. ಉಪ್ಪು ಕುಡಿದ ಹಳೆ ಗಾರೆಯನ್ನು ಬಿಡಿಸಿ, ಪಾಯದ ಮೇಲೆ ತೇವ ತಡೆಯುವ ಪದರವನ್ನು ಸರಿಮಾಡುವ ದೊಡ್ಡ ಕೆಲಸ ಇಲಾಖೆಯೇ ಮಾಡಬೇಕು. ಎಸ್ಟಿಮೇಟ್ ಆಗಿದೆ, ಹಣ ಬಂದಿಲ್ಲ. ಅಲ್ಲಿಯವರೆಗೆ ಆ ಹುಡುಗನ ಮಂಚವನ್ನು ಹೊರಗೋಡೆಯಿಂದ ಬಿಡಿಸಿ ನಡುಕೋಣೆಗೆ ಹಾಕಿಸಿದ್ದೇನೆ. ಈ ಸಲದ ಅರ್ಜಿಗೆ ಅವನ ಆಸ್ಪತ್ರೆ ಚೀಟಿಗಳ ನಕಲನ್ನೂ ಅವರಮ್ಮನ ಒಪ್ಪಿಗೆ ಪಡೆದು ಲಗತ್ತಿಸಿದ್ದೇವೆ, ಕೆಳಗೆ ಇಡೀ ಬ್ಲಾಕಿನ ಸಹಿಯಿದೆ.