ಎಡಗಡೆ ಸೀಟಿನಲ್ಲಿ 120 ಗಂಟೆ

ಮಗಳಿಗೆ 16 ತುಂಬಿದ ವಾರವೇ ಕೇಳಿದಳು, "ಅಪ್ಪ, ನನ್ನ ಎಲ್ಸ್ ಯಾವಾಗ ಬುಕ್ ಮಾಡೋಣ?" ಎಲ್ಸ್ ಅಂದರೆ ಲರ್ನರ್ ಪರ್ಮಿಟ್. ಇಲ್ಲಿನ ಹುಡುಗರು ಹಾಗೇ ಕರೆಯುತ್ತಾರೆ. ನಾವಿರುವುದು ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್‌ನಲ್ಲಿ. ವಿಕ್ಟೋರಿಯಾ ರಾಜ್ಯದಲ್ಲಿ 16ಕ್ಕೆ ಎಲ್ ಬೋರ್ಡ್ ಅಂಟಿಸಿಕೊಳ್ಳಬಹುದು. ಒಬ್ಬಳೇ ಓಡಿಸಬೇಕೆಂದರೆ 18 ಆಗಬೇಕು. ಅಷ್ಟರಲ್ಲಿ 120 ಗಂಟೆ ಓಡಿಸಿ ಲಾಗ್‌ಬುಕ್ಕಿನಲ್ಲಿ ಬರೆದಿರಬೇಕು. ಅದರಲ್ಲಿ 20 ಗಂಟೆ ರಾತ್ರಿ ಹೊತ್ತಿನದು. ಪಕ್ಕದಲ್ಲಿ ಫುಲ್ ಲೈಸೆನ್ಸ್ ಇರುವವರು ಕೂತಿರಲೇಬೇಕು.

ನೂರಿಪ್ಪತ್ತು ಗಂಟೆ! ನಾನು 1998ರಲ್ಲಿ ಶಿವಮೊಗ್ಗದಲ್ಲಿ ಕಲಿತದ್ದು ಹೆಚ್ಚೆಂದರೆ ಹತ್ತು ಗಂಟೆ ಇರಬಹುದು. ಡ್ರೈವಿಂಗ್ ಸ್ಕೂಲಿನ ಮಾರುತಿ 800ರಲ್ಲಿ ಹಿಂದಿನ ಸೀಟಿನಲ್ಲಿ ಇನ್ನೂ ಇಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಮೇಷ್ಟ್ರ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್. ಗಾಡಿ ಓಡಿಸುತ್ತಿದ್ದದ್ದು ನಾನೋ ಅವರೋ, ಇವತ್ತಿಗೂ ಗೊತ್ತಿಲ್ಲ. ಟೆಸ್ಟಿನ ದಿನ ಸ್ವಲ್ಪ ಮುಂದೆ, ಸ್ವಲ್ಪ ರಿವರ್ಸ್, ಮುಗಿಯಿತು. ಅದೇ ಡಿಎಲ್ ಇಟ್ಟುಕೊಂಡು ಮುಂದಿನ ತಿಂಗಳೇ ಆಗುಂಬೆ ಘಾಟಿ ಇಳಿಸಿದ್ದೆ. ಹದಿನಾಲ್ಕು ತಿರುವು. ಹೆಂಡತಿಗೆ ಈ ಕಥೆ ಬಾಯಿಪಾಠ.

ಅಂಥವನು ಈಗ ಮಗಳ ಪಕ್ಕ ಎಡಗಡೆ ಸೀಟಿನಲ್ಲಿ ಕೂತೆ. ಅಲ್ಲಿ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. ಆದರೂ ಬಲಗಾಲು ಸುಮ್ಮನಿರಲ್ಲ. ಮುಂದಿನ ಕಾರಿನ ಕೆಂಪು ದೀಪ ಹತ್ತಿದಾಗಲೆಲ್ಲ ಮ್ಯಾಟನ್ನು ಒತ್ತಿ ಒತ್ತಿ, ಮೊದಲ ತಿಂಗಳೇ ಮೀನಖಂಡ ಹಿಡಿದುಕೊಂಡಿತ್ತು. ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡರೆ ಅವಳಿಗೆ ಸಿಟ್ಟು. "ಅಪ್ಪ, ಕೈ ಕೆಳಗಿಡು. ನಂಗೆ ಟೆನ್ಷನ್ ಆಗುತ್ತೆ." ನಂಗೆ ಆಗೋದು ಏನಂತೆ?

ಲಾಗ್‌ಬುಕ್ ಒಂದು ದೊಡ್ಡ ತಕರಾರಾಯಿತು. ಮೊಬೈಲಿಗೆ ಆ್ಯಪ್ ಕೂಡ ಇದೆ, ನಾವು ಪುಸ್ತಕವನ್ನೇ ಇಟ್ಟುಕೊಂಡೆವು. ಪ್ರತಿ ಸಲ ತಾರೀಖು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಓಡೋಮೀಟರ್ ಎಷ್ಟಿತ್ತು, ಮಳೆಯೋ ಬಿಸಿಲೋ, ಟ್ರಾಫಿಕ್ ಹೇಗಿತ್ತು, ಎಲ್ಲ ಬರೆದು ಪಕ್ಕದಲ್ಲಿ ಕೂತವರು ಸೈನ್ ಹಾಕಬೇಕು. ಒಂದು ದಿನ ವೆರಿಬಿಗೆ ಹೋಗಿ ಬಂದಾಗ 47 ನಿಮಿಷ ಆಗಿತ್ತು. "ಒಂದು ಗಂಟೆ ಅಂತ ಬರಿ" ಅಂದೆ. ಅವಳು ನನ್ನ ಮುಖವನ್ನೇ ನೋಡಿ 47 ಅಂತಲೇ ಬರೆದಳು. ತೀರ್ಥಹಳ್ಳಿಯಿಂದ ಅಣ್ಣ ಫೋನ್ ಮಾಡಿದಾಗ ಇದನ್ನು ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಒಂದೇ ದಿನ ಕೂತು ಬರೆದು ಮುಗಿಸ್ರೋ. ಪೆನ್ ಮಾತ್ರ ಬೇರೆ ಬೇರೆ ಇರಲಿ." ನನಗೂ ಆ ಆಸೆ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವಳು ಒಪ್ಪುತ್ತಿರಲಿಲ್ಲ, ಅಷ್ಟೇ.

ರಾತ್ರಿ ಗಂಟೆಗಳು ಚಳಿಗಾಲದಲ್ಲಿ ಸುಲಭ. ಜೂನ್‌ನಲ್ಲಿ ಇಲ್ಲಿ ಸಂಜೆ ಐದೂಕಾಲಿಗೆಲ್ಲ ಕತ್ತಲು ಬೀಳುತ್ತದೆ. ಆಫೀಸಿನಿಂದ ಬಂದು, ಕಾಫಿ ಕುಡಿದು, ಬಲ್ಲಾರಟ್ ಕಡೆ ಹೊರಡುತ್ತಿದ್ದೆವು. ವೆಸ್ಟರ್ನ್ ಫ್ರೀವೇಯಲ್ಲಿ 110ರ ಮಿತಿ. ಪಕ್ಕದಲ್ಲಿ ಲಾರಿ ಹಾದುಹೋದರೆ ಕಾರೇ ಒಂದು ಸಲ ಅಲುಗುತ್ತದೆ. ಆಚೆಗೆ ಕಾಂಗರೂ ಚಿತ್ರದ ಹಳದಿ ಬೋರ್ಡು. ಆ ಹೊತ್ತಿನಲ್ಲಿ ಅವಳ ಕೈ ಸ್ಟೀರಿಂಗ್ ಮೇಲೆ ಎಷ್ಟು ಬಿಗಿಯಾಗಿತ್ತೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು. ಅವತ್ತು ನಾನು ಒಂದು ಮಾತೂ ಆಡಲಿಲ್ಲ. ಕಾಲು ಮಾತ್ರ ಮ್ಯಾಟಿನ ಮೇಲೇ ಇತ್ತು.

ಸಿಟಿಯ ಹುಕ್ ಟರ್ನ್ ಬಗ್ಗೆ ಹೇಳಲೇಬೇಕು. ಮೆಲ್ಬರ್ನ್ ನಡುವಿನಲ್ಲಿ ರಸ್ತೆಯ ಮಧ್ಯೆ ಟ್ರಾಮ್ ಓಡುತ್ತದೆ. ಬಲಕ್ಕೆ ತಿರುಗುವ ಕಾರು ಟ್ರಾಮಿನ ಹಳಿ ಮೇಲೆ ನಿಂತರೆ ಟ್ರಾಮ್ ಸಿಕ್ಕಿಬೀಳುತ್ತದೆ. ಅದಕ್ಕೆ ಕೆಲವು ಸಿಗ್ನಲ್‌ಗಳಲ್ಲಿ ಬಲಕ್ಕೆ ಹೋಗಬೇಕಾದವರು ಎಡಗಡೆ ತುದಿಗೆ ಬರಬೇಕು. ಬಲಗಡೆ ಇಂಡಿಕೇಟರ್ ಹಾಕಿಕೊಂಡು ಜಂಕ್ಷನ್ನಿನೊಳಗೆ ಮುಂದೆ ಹೋಗಿ, ಎಡಕ್ಕೇ ನಿಂತು ಕಾಯಬೇಕು. ಅಡ್ಡ ರಸ್ತೆಗೆ ಹಸಿರು ಬಂದ ಮೇಲೆ ಎಲ್ಲರ ಮುಂದಿನಿಂದ ಬಲಕ್ಕೆ ಹೊರಳಬೇಕು. ಕೇಳಿದರೆ ತಲೆ ತಿರುಗುತ್ತೆ ಅಲ್ವಾ? ನಾನು ಈ ಊರಲ್ಲಿ ಇಷ್ಟು ವರ್ಷ ಇದ್ದೂ ಆ ಸಿಗ್ನಲ್‌ಗಳನ್ನು ತಪ್ಪಿಸಿ ಸುತ್ತುಹಾಕಿ ಹೋಗುವವನು. ಅವಳು ಎರಡನೇ ಸಲಕ್ಕೇ ನೀರು ಕುಡಿದಷ್ಟು ಸುಲಭವಾಗಿ ಮಾಡಿದಳು. ಹಿಂದಿನ ಟ್ರಾಮ್ ಗಂಟೆ ಬಾರಿಸಿದ್ದಕ್ಕೆ ನಾನೇ ಬೆಚ್ಚಿದ್ದು.

ನಾನು ಕಲಿಸಿದ್ದು ಹೆಚ್ಚೇನಲ್ಲ. ರಿವರ್ಸ್ ಹೊಡೆಯೋದು, ಪಾರ್ಕಿಂಗ್, ಇಷ್ಟು. ಉಳಿದಂತೆ ನನ್ನ ಬಾಯಲ್ಲಿ ಬರುತ್ತಿದ್ದದ್ದು ಒಂದೇ: "ಯಾರೂ ಇಲ್ಲ, ಹೋಗು ಹೋಗು." ನಮ್ಮ ಬಡಾವಣೆಯ ಖಾಲಿ ರಸ್ತೆಗಳಲ್ಲಿ ಎಷ್ಟು ಸಲ ಹೇಳಿದ್ದೆನೋ.

ಹದಿನೆಂಟು ತುಂಬಿ ನಾಲ್ಕು ದಿನಕ್ಕೆ ಟೆಸ್ಟ್. ಲಾಗ್‌ಬುಕ್ಕಿನಲ್ಲಿ 123 ಗಂಟೆ 10 ನಿಮಿಷ, ಎಲ್ಲವೂ ನಿಜ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹತ್ತೇ ನಿಮಿಷಕ್ಕೆ ಕಾರು ವಾಪಸ್ ಬಂತು. ಇಷ್ಟು ಬೇಗ ಬಂದರೆ ಏನರ್ಥ ಅಂತ ಅಲ್ಲಿ ಕೂತವರಿಗೆಲ್ಲ ಗೊತ್ತು.

ಕಾರಲ್ಲಿ ಕೂತ ಮೇಲೆ ಹೇಳಿದಳು. ಸ್ಟಾಪ್ ಬೋರ್ಡ್ ಇತ್ತಂತೆ. ನಿಧಾನ ಮಾಡಿದಳಂತೆ. ಎರಡೂ ಕಡೆ ನೋಡಿದಳಂತೆ. ರಸ್ತೆ ಖಾಲಿ. ಚಕ್ರ ಪೂರ್ತಿ ನಿಲ್ಲುವ ಮೊದಲೇ ಮುಂದೆ ಹೋಗಿದ್ದಾಳೆ. ಟೆಸ್ಟ್ ಅಲ್ಲಿಗೇ ಮುಗಿಯಿತು.

"ನಿನ್ನ ಥರಾನೇ ಮಾಡಿದೆ ಅಪ್ಪ" ಅಂದಳು. ಬೈಯಲಿಲ್ಲ. ಅಳಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಡೇಟ್ ಸಿಕ್ಕಿದ್ದು ಮೂರು ವಾರಕ್ಕೆ. ಆ ಮೂರು ವಾರ ಪ್ರತಿ ಸ್ಟಾಪ್ ಬೋರ್ಡಿನಲ್ಲೂ ಬಿಳಿ ಗೆರೆಯ ಹಿಂದೆ ಚಕ್ರ ನಿಲ್ಲಿಸಿ, ಇಬ್ಬರೂ ಜೋರಾಗಿ ಒಂದು, ಎರಡು, ಮೂರು ಅಂತ ಎಣಿಸಿದೆವು. ಪಾಸಾದಳು. ಈಗ ಕಾರಿಗೆ ಕೆಂಪು ಪಿ ಬೋರ್ಡ್, ಹೊಸದಾಗಿ ಲೈಸೆನ್ಸ್ ಪಡೆದವರ ಗುರುತು. ಅದು ಒಂದು ವರ್ಷ, ಆಮೇಲೆ ಹಸಿರು ಪಿ ಮೂರು ವರ್ಷ. ಕೆಂಪು ಇರುವಷ್ಟು ದಿನ ಅವಳ ವಯಸ್ಸಿನ ಗೆಳತಿಯರನ್ನು ಒಬ್ಬರಿಗಿಂತ ಜಾಸ್ತಿ ಕೂರಿಸಿಕೊಳ್ಳುವ ಹಾಗಿಲ್ಲ. ಅದು ನನಗೆ ಬಹಳ ಹಿಡಿಸಿದ ಕಾನೂನು.

ಅಣ್ಣನಿಗೆ ಫೋನ್ ಮಾಡಿ ಪಾಸಾದ ಸುದ್ದಿ ಹೇಳಿದೆ. ಮೊದಲ ಸಲ ಫೇಲಾದದ್ದನ್ನೂ ಹೇಳಿದೆ.

"ಯಾವುದಾದ್ರೂ ಗಾಡಿ ಅಡ್ಡ ಬಂತಾ?"

"ಇಲ್ಲ."

"ಯಾರಿಗಾದ್ರೂ ತಾಗಿಸಿದ್ಲಾ?"

"ಇಲ್ಲ ಮಾರಾಯ. ರಸ್ತೇಲಿ ಯಾರೂ ಇರಲಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾರೂ ಇಲ್ಲದೆ ಇದ್ರೆ ನಿಲ್ಲಿಸೋದು ಯಾರಿಗೋಸ್ಕರನೋ?"