ಕಬ್ಬನ್ ಪಾರ್ಕ್‌ನ ಹೊಸಬರ ಓಟದ ಗುಂಪು: ಆರು ವಾರಗಳ ದಾಖಲೆ

ಓಡಿ ಅಭ್ಯಾಸವೇ ಇಲ್ಲದವರ ಈ ಗುಂಪು ಆರನೇ ವಾರ ಮುಗಿಸಿದೆ. ಒಂಬತ್ತನೇ ವಾರದ ಕೊನೆಗೆ ನಿಲ್ಲದೆ 30 ನಿಮಿಷ ಓಡಬೇಕು, ಗುರಿ ಅಷ್ಟೇ. ಅನುಸರಿಸುತ್ತಿರುವುದು 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ ‘ಕೌಚ್ ಟು 5ಕೆ’ ಕ್ರಮ, ಅಂದರೆ ಸೋಫಾ ಬಿಟ್ಟೇಳದವರನ್ನು 5 ಕಿ.ಮೀ. ಓಟಕ್ಕೆ ಹಂತಹಂತವಾಗಿ ಸಜ್ಜು ಮಾಡುವ ಕ್ರಮ. ವಾರಕ್ಕೆ ಮೂರು ದಿನ ಓಟ, ನಡುವೆ ಕನಿಷ್ಠ ಒಂದು ದಿನ ಬಿಡುವು. ಮಂಗಳವಾರ, ಗುರುವಾರ ಅವರವರ ಬಡಾವಣೆಯಲ್ಲಿ ಇಬ್ಬಿಬ್ಬರು ಜೊತೆಯಾಗಿ ಓಡುತ್ತಾರೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಎಲ್ಲರೂ ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯದ ಮುಂದೆ ಸೇರುತ್ತಾರೆ. ಅಂದು ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಮೂರು ನಾಲ್ಕು ಜನ ಸಾಲಾಗಿ ಮಾತಾಡಿಕೊಂಡು ಓಡಬಹುದು. ಮೆಟ್ರೊ ಮಾತ್ರ ಭಾನುವಾರ ತಡವಾಗಿ ಶುರುವಾಗುತ್ತದೆ. ಹಾಗಾಗಿ ದೂರದವರನ್ನು ಕರೆತರುವ ಹೊಣೆ ಆ ಕಡೆಯಿಂದ ಬರುವ ಬೈಕು, ಕಾರಿನವರದ್ದು. ಅರ್ಧ ಸ್ನೇಹ ಈ ದಾರಿಯಲ್ಲೇ ಬೆಳೆಯುತ್ತದೆ.

ವಾರ 1, 2

ಮೊದಲು 5 ನಿಮಿಷ ಬಿರುಸು ನಡಿಗೆ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಎಂಟು ಸುತ್ತು. ಎರಡನೇ ವಾರ 90 ಸೆಕೆಂಡ್ ಓಟ, 2 ನಿಮಿಷ ನಡಿಗೆ, ಆರು ಸುತ್ತು.

ಇಲ್ಲಿ ಕೆಡುವುದು ಒಂದೇ ಕಡೆ: ವೇಗ. 60 ಸೆಕೆಂಡ್ ತಾನೇ ಎಂದು ಶಾಲೆಯ ನೂರು ಮೀಟರ್ ಓಟದಂತೆ ನುಗ್ಗುತ್ತಾರೆ, ನಾಲ್ಕನೇ ಸುತ್ತಿಗೆ ಏದುಸಿರು. ‘ನನಗೆ ಓಟ ಆಗಿಬರಲ್ಲ’ ಎಂದು ಮನೆಗೆ ಹೋಗುವವರಲ್ಲಿ ಬಹುಪಾಲು ಜನರಿಗೆ ಆಗಿಬಾರದ್ದು ಓಟವಲ್ಲ, ಆ ವೇಗ. ನಮ್ಮ ಅಳತೆ ಮಾತು. ಓಡುತ್ತಲೇ ಪಕ್ಕದವರಿಗೆ ನಿನ್ನೆ ರಾತ್ರಿ ಏನು ಊಟ ಮಾಡಿದಿರಿ ಎಂದು ಹೇಳಬೇಕು. ವಾಕ್ಯದ ನಡುವೆ ಉಸಿರು ಕಡಿದರೆ ನಿಧಾನಿಸಬೇಕು. ಬಿರುಸು ನಡಿಗೆಗಿಂತ ನಿಧಾನವಾದರೂ ಪರವಾಗಿಲ್ಲ. ಈ ವೇಗದಿಂದ ಇನ್ನೊಂದು ಲಾಭವಿದೆ: ಎದುರು ಕೂತರೆ ಬಾಯಿ ಬಿಡದ ಅಪರಿಚಿತರು ಪಕ್ಕಪಕ್ಕ ಓಡುವಾಗ ಸಲೀಸಾಗಿ ಮಾತಾಡುತ್ತಾರೆ. ಹೊಸಬರ ಗುಂಪಿನಲ್ಲಿ ಗೆಳೆತನ ಬೇಕಿದ್ದರೆ ವೇಗ ಇಳಿಸಿ, ಅದಕ್ಕಿಂತ ದೊಡ್ಡ ಉಪಾಯ ನಮಗೆ ಗೊತ್ತಿಲ್ಲ.

ಯಾರೂ ಹಿಂದೆ ಬೀಳದಂತೆ ಒಂದು ನಿಯಮ ಇದೆ. ನಡಿಗೆಯ ಸೀಟಿ ಊದಿದ ಕೂಡಲೇ ಮುಂದಿರುವವರು ಹಿಂದಿರುಗಿ, ಕಟ್ಟಕಡೆಯವರ ಕಡೆಗೆ ನಡೆದು ಬರಬೇಕು. ಮುಂದಿನ ಓಟ ಮತ್ತೆ ಎಲ್ಲರೂ ಒಟ್ಟಿಗೆ. ಕಡೆಯವರ ಜೊತೆ ಅನುಭವಿ ಓಟಗಾರರೊಬ್ಬರು ಸದಾ ಇರುತ್ತಾರೆ, ಮತ್ತು ಅವರು ಎಂದೂ ಮುಂದೆ ಹೋಗುವುದಿಲ್ಲ.

ವಾರ 3, 4

ಓಟದ ಕಂತು 3 ನಿಮಿಷಕ್ಕೆ, ಆಮೇಲೆ 5 ನಿಮಿಷಕ್ಕೆ ಏರುತ್ತದೆ. ಕಣಕಾಲ ನೋವು ಶುರುವಾಗುವುದೂ ಈಗಲೇ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ಪಳಗಲು ತಿಂಗಳುಗಳೇ ಬೇಕು. ಉಸಿರಿದೆ ಎಂದು ಬಿಡುವಿನ ದಿನವೂ ಓಡಿದವರಿಗೆ ಮೊದಲು ನೋವು ಬರುತ್ತದೆ. ಹೆಜ್ಜೆ ಉದ್ದ ಚಾಚಿ ಹಿಮ್ಮಡಿಯನ್ನು ದೇಹಕ್ಕಿಂತ ಬಹಳ ಮುಂದೆ ಊರುವುದು, ಕಾಂಕ್ರೀಟ್ ರಸ್ತೆ, ತಳ ಸವೆದ ಶೂ ಇವೂ ಸೇರಿಕೊಳ್ಳುತ್ತವೆ. ಹೆಜ್ಜೆ ಗಿಡ್ಡ ಮಾಡಿ, ಮಣ್ಣಿನ ದಾರಿ ಹಿಡಿಯಿರಿ. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದನ್ನು 15ರಂತೆ ಮೂರು ಸಲ, ದಿನ ಬಿಟ್ಟು ದಿನ ಮಾಡಿ. ನೋವು ಮೂಳೆಯುದ್ದಕ್ಕೂ ಹರಡಿದ್ದರೆ ಕೆಲವು ದಿನದ ವಿಶ್ರಾಂತಿ ಸಾಕಾಗಬಹುದು. ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ಚುಚ್ಚಿದರೆ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು, ಮೂಳೆ ಬಿರುಕು ಬಿಟ್ಟಿರಬಹುದು.

ಶೂ ಕೊಳ್ಳುವುದಾದರೆ ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ತುಸು ಊದಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ದುಬಾರಿ ಶೂ ಬೇಕಿಲ್ಲ.

ವಾರ 5

ಇಡೀ ಕ್ರಮದಲ್ಲಿ ಎಲ್ಲರೂ ಹೆದರುವ ವಾರ. ಮೊದಲ ದಿನ 5 ನಿಮಿಷದ ಮೂರು ಓಟ, ಎರಡನೇ ದಿನ 8 ನಿಮಿಷದ ಎರಡು ಓಟ, ಮೂರನೇ ದಿನ ಏಕ್ದಂ 20 ನಿಮಿಷ, ನಡುವೆ ನಡಿಗೆಯೇ ಇಲ್ಲ. ಕಾಗದದ ಮೇಲೆ ಇದು ಅನ್ಯಾಯ ಅನಿಸುತ್ತದೆ. ಮಾತಿನ ವೇಗ ಕಲಿತವರಿಗೆ 8ಕ್ಕೂ 20ಕ್ಕೂ ಅಷ್ಟು ಅಂತರವಿಲ್ಲ, ಮೊದಲ ಐದಾರು ನಿಮಿಷವೇ ಕಷ್ಟ, ದೇಹ ಬಿಸಿಯಾದ ಮೇಲೆ ಉಸಿರು ಹದಕ್ಕೆ ಬರುತ್ತದೆ.

ಅದಕ್ಕೇ ಆ ದಿನವನ್ನು ಭಾನುವಾರಕ್ಕೆ ಬರುವಂತೆ ಇಟ್ಟೆವು. ಓಡಿದ್ದು ದೂರ ಅಳೆದು ಅಲ್ಲ, ಸಮಯ ನೋಡಿ: ಎಲ್ಲರೂ ಒಂದೇ ದಿಕ್ಕಿಗೆ 10 ನಿಮಿಷ, ಉದ್ದ ಸೀಟಿ ಕೇಳಿದಾಗ ನಿಂತಲ್ಲಿಂದಲೇ ಹಿಂದಕ್ಕೆ. ಆಗ ಕಡೆಯವರು ಮೊದಲಿಗರಾಗುತ್ತಾರೆ, ವೇಗದವರು ಹಿಂದಿನಿಂದ ಬರುತ್ತಾರೆ, ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ಗ್ರಂಥಾಲಯದ ಮುಂದೆ ಮುಟ್ಟುತ್ತಾರೆ. ಆ ಕೊನೆಯ ನಿಮಿಷದ ಕೇಕೆ, ಚಪ್ಪಾಳೆ ಕೇಳಬೇಕು! ಸೀಟಿ ಕೇಳದಷ್ಟು ಗುಂಪು ಚದುರಿದರೆ ಪ್ರತಿ ಜೋಡಿಯೂ ಫೋನಿನಲ್ಲಿ 10 ನಿಮಿಷದ ಅಲಾರಂ ಇಟ್ಟುಕೊಳ್ಳುವುದು ಮೇಲು.

20 ನಿಮಿಷ ಮುಗಿಸಲಾಗದವರು ಐದನೇ ವಾರವನ್ನು ಮತ್ತೊಮ್ಮೆ ಮಾಡುತ್ತಾರೆ, ಒಂಟಿಯಾಗಿ ಮಾತ್ರ ಅಲ್ಲ. ಮುಗಿಸಿದವರಲ್ಲಿ ಯಾರಾದರೂ ಅವರ ಜೊತೆ ಉಳಿಯುತ್ತಾರೆ. ಹೀಗೆ ಉಳಿಯಲು ಜನ ತಾವಾಗಿ ಮುಂದೆ ಬರುವುದೇ ಈ ಗುಂಪಿನ ನಿಜವಾದ ಪ್ರಗತಿ ಅಂತ ನಮ್ಮ ಲೆಕ್ಕ.

ವಾರ 6

ಮೊದಲ ದಿನ 5, 8, 5 ನಿಮಿಷದ ಮೂರು ಓಟ, ಎರಡನೇ ದಿನ 10 ನಿಮಿಷದ ಎರಡು ಓಟ, ನಡುವೆ 3 ನಿಮಿಷದ ನಡಿಗೆ. ಮೂರನೇ ದಿನ 25 ನಿಮಿಷ. ಪಕ್ಕೆ ಹಿಡಿಯುವ ದೂರು ಈ ವಾರ ಹೆಚ್ಚು. ಓಟಕ್ಕೆ ಎರಡು ಗಂಟೆ ಮೊದಲಿನಿಂದ ಹೊಟ್ಟೆ ತುಂಬ ತಿನ್ನಬಾರದು, ಒಂದೇ ಸಲ ಬಾಟಲಿ ನೀರು ಕುಡಿಯಬಾರದು. ಹಿಡಿದರೆ ನಡೆಯುತ್ತ ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಬರಬೇಕು, ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು. ಎದೆ ಬಿಗಿದರೆ, ತಲೆ ಸುತ್ತಿದರೆ ಅಂದಿನ ಓಟ ಅಲ್ಲಿಗೇ ನಿಲ್ಲಿಸಿ ಜೊತೆಯವರಿಗೆ ತಕ್ಷಣ ಹೇಳಬೇಕು.

ಓಟದ ನಂತರ 5 ನಿಮಿಷ ನಡಿಗೆ, ಆಮೇಲೆ ಕಾಫಿ. ಕಾಫಿ ಕೂಡ ಕಾರ್ಯಕ್ರಮದ ಭಾಗವೇ. ವಾಟ್ಸಾಪ್‌ನಲ್ಲಿ ವೇಗದ ಸ್ಕ್ರೀನ್‌ಶಾಟ್ ಹಾಕುವಂತಿಲ್ಲ, ಯಾರ ಜೊತೆ ಓಡಿದಿರಿ ಎಂದಷ್ಟೇ ಬರೆಯುವುದು. ಭಾನುವಾರದ ಜೋಡಿ ಪ್ರತಿ ವಾರ ಬದಲಾಗುತ್ತದೆ. ಬಾರದವರಿಗೆ ಜೊತೆಗಾರರೇ ಫೋನ್ ಮಾಡುತ್ತಾರೆ. ‘ಯಾಕೆ ಬರಲಿಲ್ಲ’ ಎಂದು ಕೇಳುವುದಿಲ್ಲ, ‘ಈ ಮಂಗಳವಾರ ಎಷ್ಟೊತ್ತಿಗೆ ಸಿಗೋಣ’ ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಜನ ನೆಪ ಹುಡುಕುತ್ತಾರೆ, ಎರಡನೆಯದಕ್ಕೆ ಸಮಯ ಹೇಳುತ್ತಾರೆ.

ಏಳನೇ ವಾರ ಮೂರೂ ದಿನ 25 ನಿಮಿಷ. ಭಾನುವಾರ ಹನ್ನೆರಡೂವರೆ ನಿಮಿಷಕ್ಕೆ ತಿರುವಿನ ಸೀಟಿ. ಐದನೇ ವಾರ ಮರಳಿ ಮಾಡುವವರು ಅದೇ ಹೊತ್ತಿಗೆ ಅಲ್ಲೇ ಶುರುಮಾಡುತ್ತಾರೆ, ಕಾಫಿ ಎಲ್ಲರಿಗೂ ಒಟ್ಟಿಗೆ.