ದೋಣಿ ನಿಲ್ಲಿಸೋದು ಕೊನೆಗೂ ಬಂತು: ಜೂನಿಯರ್ ರೇಟಿಂಗ್ ಡೈರಿ

ಜೂನಿಯರ್ ರೇಟಿಂಗ್ ಸಿಕ್ಕಿತು! ಬರ್ಕ್ಲಿಯ ಕ್ಯಾಲ್ ಸೇಲಿಂಗ್ ಕ್ಲಬ್ಬಿನಲ್ಲಿ ಡಿಂಗಿ (ಪುಟ್ಟ ಹಾಯಿದೋಣಿ) ಹೊರಗೆ ತೆಗೆಯಲು ಇನ್ನು ಮೇಲೆ ನನ್ನ ಪಕ್ಕದಲ್ಲಿ ಬೇರೆ ಸ್ಕಿಪ್ಪರ್ (ದೋಣಿ ನಡೆಸುವವರು) ಕೂರಬೇಕಿಲ್ಲ. ಹಗಲು ಹೊತ್ತಿನಲ್ಲಿ, ಕ್ಲಬ್ಬಿನ ಹತ್ತಿರದ ಗೊತ್ತು ಮಾಡಿದ ನೀರಿನಲ್ಲಿ, ಹಾಯಿ ಏರಿಸಿ ನಾನೇ ಹೊರಡಬಹುದು. ಹೋದ ಸಲ ಬರೆದಾಗ ಒಂದೇ ಒಂದು ಐಟಂ ಬಾಕಿ ಉಳಿದಿತ್ತು. ಅದೇ ಮ್ಯಾನ್ ಓವರ್‌ಬೋರ್ಡ್. ನೀರಿಗೆ ಬಿದ್ದವರ ಹತ್ತಿರ ವಾಪಸ್ ಬಂದು, ದೋಣಿ ನಿಲ್ಲಿಸಿ, ಅವರನ್ನು ಎತ್ತಿಕೊಳ್ಳೋದು. ಅದು ತಿಂದ ತಲೆ ಅಷ್ಟಿಷ್ಟಲ್ಲ. ಈ ಸಲ ಪೂರ್ತಿ ಅದರ ಬಗ್ಗೆಯೇ ಬರೆಯುತ್ತೇನೆ.

ಗಂಟು, ರಿಗ್ಗಿಂಗ್ (ಹಾಯಿ, ಹಗ್ಗ ಜೋಡಿಸೋದು), ರೀಫ್ ಹಾಕೋದು (ಗಾಳಿ ಜೋರಾದರೆ ಹಾಯಿ ಮಡಚಿ ಚಿಕ್ಕದು ಮಾಡೋದು), ಯಾರು ಯಾರಿಗೆ ದಾರಿ ಬಿಡಬೇಕು ಅನ್ನೋ ಬರವಣಿಗೆ ಪರೀಕ್ಷೆ, ಬೇಕಂತಲೇ ದೋಣಿ ಮಗುಚಿ ಮತ್ತೆ ಎಬ್ಬಿಸೋದು, ಇವೆಲ್ಲ ನಿಮಗೆ ಗೊತ್ತಿರೋದೇ. ಬಿಟ್ಟುಬಿಡೋಣ. ಮಗುಚುವ ದಿನ ವೆಟ್‌ಸೂಟ್ ಮಾತ್ರ ಮರೀಬೇಡಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ.

ಹೊಸಬರು ಕೇಳುವ ಪ್ರಶ್ನೆ ಒಂದಿದೆ. ಒಂದು ಪುಟ್ಟ ದೋಣಿಗೆ ಇಷ್ಟೆಲ್ಲ ಪರೀಕ್ಷೆ ಯಾಕೆ? ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ದೋಣಿ ಓಡಿಸುವವರಿಗೆ ಬೋಟರ್ ಕಾರ್ಡ್ ಬೇಕು. 2018ರಲ್ಲಿ ಚಿಕ್ಕ ವಯಸ್ಸಿನವರಿಂದ ಶುರುವಾದ ಆ ನಿಯಮ 2025ರ ಹೊತ್ತಿಗೆ ಎಲ್ಲ ವಯಸ್ಸಿನವರಿಗೂ ಬಂತು. ಬರೀ ಹಾಯಿಯಲ್ಲಿ ಓಡುವ ಡಿಂಗಿಗೆ ಆ ಕಾರ್ಡೂ ಬೇಡ. ಕಾನೂನು ಏನೂ ಕೇಳೋದಿಲ್ಲ. ಹಾಗಾಗಿ ದೋಣಿಯನ್ನು ಯಾರ ಕೈಗೆ ಕೊಡಬಹುದು ಅಂತ ಕ್ಲಬ್ಬೇ ನೋಡಿಕೊಳ್ಳಬೇಕು. ಇಲ್ಲಿ ಕಲಿಸುವವರೂ ಸದಸ್ಯರೇ, ಹರಿದ ಹಾಯಿ ಹೊಲಿಯುವವರೂ ಸದಸ್ಯರೇ, ಪರೀಕ್ಷೆ ಮಾಡುವವರೂ ಸದಸ್ಯರೇ. ನನ್ನ ಜೊತೆ ದೋಣಿಯಲ್ಲಿ ಕೂತು ಪಾಸು ಅಂತ ಬರೆದವರು, ನಾಳೆ ಅದೇ ದೋಣಿ ಮುರಿದರೆ ತಾವೇ ಫೈಬರ್‌ಗ್ಲಾಸ್ ಹಚ್ಚಲು ಕೂರುತ್ತಾರೆ. ಅವರು ಬಿಗಿಯಾಗಿ ಪರೀಕ್ಷೆ ಮಾಡೋದು ನನಗೆ ತುಂಬಾ ಸರಿ ಅನಿಸುತ್ತದೆ.

ಬಾಸ್ಟನ್ನಿನ ಕಮ್ಯುನಿಟಿ ಬೋಟಿಂಗ್‌ನಲ್ಲಿ ಪದ್ಧತಿ ಸ್ವಲ್ಪ ಬೇರೆ. ಚಾರ್ಲ್ಸ್ ನದಿಯ ದಡದಲ್ಲಿ ಅವರು ಆ ಹೊತ್ತಿನ ಗಾಳಿ ನೋಡಿ ಬಾವುಟ ಏರಿಸುತ್ತಾರೆ. ಹಸಿರು ಇದ್ದರೆ ಹೊಸಬರೂ ಹೋಗಬಹುದು. ಹಳದಿಗೆ ಇನ್ನಷ್ಟು ಪಳಗಿರಬೇಕು. ಕೆಂಪು ಹಾರಿದರೆ ನುರಿತವರಿಗೆ ಮಾತ್ರ. ನಿಮ್ಮ ರೇಟಿಂಗ್ ಬಾವುಟಕ್ಕೆ ಹೊಂದಬೇಕು, ಅಷ್ಟೇ. ಒಳ್ಳೇ ಏರ್ಪಾಡು. ಆದರೆ ಬರ್ಕ್ಲಿಯ ಬೇಸಿಗೆ ಮಧ್ಯಾಹ್ನಕ್ಕೆ ಅದನ್ನು ತಂದರೆ ಹಸಿರು ಬಾವುಟ ಪೆಟ್ಟಿಗೆ ಬಿಟ್ಟು ಈಚೆ ಬರೋದೇ ಕಷ್ಟ! ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು, ಬಿಸಿ ಗಾಳಿ ಮೇಲೇಳುತ್ತದೆ. ಆ ಜಾಗಕ್ಕೆ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಲ್ಲಿ ನುಗ್ಗುತ್ತದೆ. ಆ ಸಂದಿಯ ಎದುರಿಗೇ ಬರ್ಕ್ಲಿ ಕೂತಿದೆ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸೋದಿಲ್ಲ. ನೀರು ಆಳವಿಲ್ಲದ ಕಾರಣ ಅಲೆಗಳು ಗಿಡ್ಡ, ಒತ್ತೊತ್ತು, ಚೂಪು.

ಈಗ ತಲೆನೋವಿನ ವಿಷಯ, ಅದೇ ಆ ಮ್ಯಾನ್ ಓವರ್‌ಬೋರ್ಡ್. ಬೀಮ್ ರೀಚ್‌ನಲ್ಲಿ (ಗಾಳಿ ನೇರ ಪಕ್ಕದಿಂದ ಬೀಳುವಂತೆ) ದೂರ ಹೋಗು, ಟ್ಯಾಕ್ ಮಾಡು (ಮೂತಿಯನ್ನು ಗಾಳಿಯ ಮುಖಕ್ಕೆ ಹಾಯಿಸಿ ಇನ್ನೊಂದು ಬದಿಗೆ ತಿರುಗು), ವಾಪಸ್ ಬಾ, ಹತ್ತಿರ ಬರುತ್ತಿದ್ದಂತೆ ಗಾಳಿ ಕಡೆ ಏರು, ನಿಲ್ಲು. ಕಾಗದದ ಮೇಲೆ ಎಂಟರ ಆಕಾರ ಬರೆದರೆ ಮುಗೀತು, ಅಲ್ವಾ? ಜೈಬ್ (ದೋಣಿಯ ಹಿಂಭಾಗವನ್ನು ಗಾಳಿಗೆ ಹಾಯಿಸಿ ತಿರುಗೋದು, ಆಗ ಹಾಯಿ ರಭಸದಿಂದ ಇನ್ನೊಂದು ಬದಿಗೆ ಬೀಸುತ್ತದೆ) ಬದಲು ಟ್ಯಾಕ್ ಯಾಕೆ ಅಂತ ಇಲ್ಲಿನ ಗಾಳಿ ಕಂಡವರಿಗೆ ಹೇಳಬೇಕಿಲ್ಲ. ಒಬ್ಬರು ನೀರಿನಲ್ಲಿರುವಾಗ ಗಾಬರಿಯ ಜೈಬ್ ಮಾಡಿ ದೋಣಿ ಮಗುಚಿದರೆ, ಎತ್ತಬೇಕಾದವರ ಸಂಖ್ಯೆ ಜಾಸ್ತಿ ಆಗುತ್ತದೆ.

ಟ್ಯಾಕ್‌ವರೆಗೆ ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಕೊನೆಯ ನಾಲ್ಕೈದು ದೋಣಿಯುದ್ದದಲ್ಲೇ ಕಿರಿಕಿರಿ. ಒಮ್ಮೆ ದೋಣಿ ನಿಲ್ಲದೇ ಪಕ್ಕದಲ್ಲೇ ಸರ್ರನೆ ಹಾದುಹೋಗುತ್ತದೆ. ಇನ್ನೊಮ್ಮೆ ಬೇಗ ನಿಂತು, ಮೂತಿ ಗಾಳಿಗೆ ಸಿಕ್ಕಿಕೊಂಡು, ಹಿಂದಕ್ಕೆ ತೇಲುತ್ತದೆ. ಚುಕ್ಕಾಣಿ ಸತ್ತುಹೋಗಿರುತ್ತದೆ. ಮೇನ್‌ಶೀಟ್ (ದೊಡ್ಡ ಹಾಯಿಯನ್ನು ಹಿಡಿದಿಡುವ ಹಗ್ಗ) ಪೂರ್ತಿ ಬಿಟ್ಟರೂ ಆ ಮೇನ್ ಹಾಯಿ ಅರ್ಧ ತುಂಬಿಕೊಂಡೇ ಇರುತ್ತಿತ್ತು. ಅದೇ ನನ್ನನ್ನು ಕಾಡಿದ್ದು. ಹಗ್ಗ ಕೈಯಲ್ಲಿಲ್ಲ, ಆದರೂ ದೋಣಿ ಓಡುತ್ತಿದೆ! ಜಿಬ್ (ಮುಂದಿನ ಚಿಕ್ಕ ಹಾಯಿ) ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಗೆಳೆಯ ಕೂಗಿದ, "ಮಾರಾಯ್ರೆ, ಇದಕ್ಕೆ ಬ್ರೇಕ್ ಎಲ್ಲಿ ಇಟ್ಟಿದ್ದಾರೆ?"

ಅಭ್ಯಾಸಕ್ಕೆ ಎಸೆಯುವ ವಸ್ತುವಿನಿಂದಲೇ ರಿಪೇರಿ ಶುರು ಮಾಡಿದೆವು. ಹಗುರ ಫೆಂಡರ್ (ಉಜ್ಜದಂತೆ ದೋಣಿಯ ಬದಿಗೆ ಕಟ್ಟುವ ಗಾಳಿ ದಿಂಡು), ಕುಶನ್ ಇವೆಲ್ಲ ನೀರಿನ ಮೇಲೆ ಎತ್ತರಕ್ಕೆ ತೇಲುತ್ತವೆ. ಗಾಳಿ ಬೀಸಿದರೆ ಓಡಿಹೋಗುತ್ತವೆ. ಮನುಷ್ಯ ಹಾಗೆ ತೇಲೋದಿಲ್ಲ. ಲೈಫ್ ಜಾಕೆಟ್ ಇದ್ದರೂ ಮುಕ್ಕಾಲು ಮೈ ನೀರಿನೊಳಗೇ ಇರುತ್ತದೆ. ಅದಕ್ಕೆ ಹಾಲಿನ ಒಂದು ಗ್ಯಾಲನ್ ಕ್ಯಾನ್‌ಗಳನ್ನು ತಂದೆವು. ಕುತ್ತಿಗೆಯವರೆಗೆ ನಲ್ಲಿ ನೀರು ತುಂಬಿ, ಹಳೇ ಸ್ವೆಟ್‌ಶರ್ಟ್ ಒಳಗೆ ಹೊಲಿದೆವು. ಕೊಲ್ಲಿಯ ಉಪ್ಪು ನೀರಿಗಿಂತ ನಲ್ಲಿ ನೀರು ಹಗುರ. ಮೇಲೆ ಸ್ವಲ್ಪ ಗಾಳಿ ಬಿಟ್ಟರೆ ಸಾಕು, ಕ್ಯಾನ್ ಮುಳುಗೋದಿಲ್ಲ, ಕತ್ತು ಮಾತ್ರ ಹೊರಗೆ ಕಾಣುತ್ತದೆ. ಸಂಕೇತ ಬಾವುಟಗಳಲ್ಲಿ ಆಸ್ಕರ್ ಬಾವುಟಕ್ಕೆ 'ಮನುಷ್ಯ ನೀರಿಗೆ ಬಿದ್ದಿದ್ದಾನೆ' ಅಂತ ಅರ್ಥ. ಹಾಗಾಗಿ ಇಂಥ ಗೊಂಬೆಗಳನ್ನು ಇಲ್ಲಿ ಆಸ್ಕರ್ ಅಂತಲೇ ಕರೆಯುತ್ತಾರೆ. ನಮ್ಮದಕ್ಕೆ ಕುಂಭಕರ್ಣ ಅಂತ ಹೆಸರಿಟ್ಟೆವು. ಎಷ್ಟು ಕೂಗಿದರೂ ಏಳೋದಿಲ್ಲ, ಎತ್ತಲು ಹೋದರೆ ತೋಳು ಕಿತ್ತು ಬರುತ್ತದೆ.

ಇಲ್ಲಿ ಅಂಗಡಿಯವರ ಬಗ್ಗೆ ಎರಡು ಮಾತು ಹೇಳಲೇಬೇಕು. ಕುಂಭಕರ್ಣನ ಸೊಂಟಕ್ಕೆ ಕಟ್ಟಲು ತೇಲುವ ಹಗ್ಗ ಬೇಕು ಅಂತ ಆನ್‌ಲೈನ್ ಅಂಗಡಿಯೊಂದಕ್ಕೆ ಆರ್ಡರ್ ಹಾಕಿದೆ. ಪಾಲಿಪ್ರೊಪಿಲೀನ್ ಅಂತ ಸ್ಪಷ್ಟವಾಗಿ ಬರೆದಿತ್ತು. ಬಂದದ್ದು ನೈಲಾನ್. ನೀರಿಗೆ ಹಾಕಿದ ಕೂಡಲೇ ತಳ ಸೇರಿತು. ವಾಪಸ್ ಕಳಿಸಿದರೆ ಬಣ್ಣ ಬೇರೆ ಮಾಡಿ ಮತ್ತೆ ನೈಲಾನೇ ಕಳಿಸಿದರು! ದೋಣಿಯ ಸಾಮಾನು ಅಂತ ಚೀಟಿ ಅಂಟಿಸಿದರೆ ಬೆಲೆ ಏರುತ್ತದೆ, ಸರಿ. ತೇಲೋದೂ ಬೇಡವೇ?

ಕುಂಭಕರ್ಣ ನೀರಿನಲ್ಲಿ ತೆಪ್ಪಗೆ ಬಿದ್ದಿರಲು ಶುರುಮಾಡಿದ ಮೇಲೆ ಕಾರಣ ಕಣ್ಣಿಗೆ ಬಿತ್ತು. ಬೂಮ್ (ಮೇನ್ ಹಾಯಿಯ ಬುಡದ ಅಡ್ಡ ಕಂಬ) ಹೊರಗೆ ಹೋಗುತ್ತಾ ಹೋಗುತ್ತಾ ಹಾಯಿಕಂಬವನ್ನು ಪಕ್ಕದಿಂದ ಹಿಡಿದಿಡುವ ಶ್ರೌಡ್ ತಂತಿಗೆ ತಾಗಿ ನಿಲ್ಲುತ್ತದೆ. ಆಮೇಲೆ ಶೀಟ್ ಎಷ್ಟು ಬಿಟ್ಟರೂ ಅಷ್ಟೇ. ದೋಣಿ ಬೀಮ್ ರೀಚ್‌ನಲ್ಲಿ ಅಥವಾ ಅದಕ್ಕಿಂತ ಕೆಳಗೆ, ಅಂದರೆ ಗಾಳಿ ಇನ್ನೂ ಹಿಂದಿನಿಂದ ಬೀಳುವಂತೆ, ಬರುತ್ತಿದ್ದರೆ, ಬೂಮ್ ತಂತಿಗೆ ತಾಗಿದಾಗಲೂ ಹಾಯಿ ಗಾಳಿ ಹಿಡಿದೇ ಇರುತ್ತದೆ. ಶ್ರೌಡ್‌ಗಳು ಹಿಂದಕ್ಕೆ ಬಾಗಿರುವ ಈಗಿನ ಡಿಂಗಿಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಇತ್ತ ನೇರ ಗಾಳಿಯ ಮುಖಕ್ಕೆ ಹೋದರೆ ಹಾಯಿ ಖಾಲಿಯಾಗುತ್ತದೆ, ಆದರೆ ಮತ್ತೆ ತುಂಬಿಕೊಳ್ಳಲು ಆಗೋದಿಲ್ಲ. ಎರಡಕ್ಕೂ ನಡುವಿನ ಕ್ಲೋಸ್ ರೀಚ್‌ನಲ್ಲಿ ಮಾತ್ರ ಎರಡೂ ಕೈಯಲ್ಲಿರುತ್ತವೆ. ಶೀಟ್ ಬಿಟ್ಟರೆ ಹಾಯಿ ಪಟಪಟ ಬಡಿದು ವೇಗ ಇಳಿಯುತ್ತದೆ. ಒಂದು ಮೊಳ ಎಳೆದರೆ ದೋಣಿ ಮತ್ತೆ ಮುಂದೆ ತೆವಳುತ್ತದೆ. ಏರು ರಸ್ತೆಯ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ ಹಿಡಿದ ಹಾಗೆ.

ಈಗ ಮಾಡುವ ಕ್ರಮ ಹೀಗಿದೆ. ಟ್ಯಾಕ್ ಆದ ಮೇಲೆ ಮೂತಿಯನ್ನು ನೇರ ಕುಂಭಕರ್ಣನ ಕಡೆ ತಿರುಗಿಸುತ್ತೇನೆ. ಇನ್ನೂ ಐದಾರು ದೋಣಿಯುದ್ದ ದೂರ ಇರುವಾಗಲೇ ಮೇನ್‌ಶೀಟ್ ಪೂರ್ತಿ ಬಿಟ್ಟು ನೋಡುತ್ತೇನೆ. ಇಡೀ ಮೇನ್, ಹಿಂಬದಿಯ ಬ್ಯಾಟನ್ ಪಟ್ಟಿಗಳವರೆಗೆ, ಬಡಿದುಕೊಂಡರೆ ಕೋನ ಸರಿ. ಹಾಯಿಯ ಹೊಟ್ಟೆ ಇನ್ನೂ ತುಂಬಿದ್ದರೆ, ನಾವು ಗಾಳಿ ಬರುವ ಕಡೆಗೆ ಜಾಸ್ತಿ ಬಂದಿದ್ದೇವೆ ಅಂತ. ತಕ್ಷಣ ಗಾಳಿ ಹೋಗುವ ಕಡೆಗೆ ಒಂದೆರಡು ದೋಣಿಯುದ್ದ ಇಳಿಯಬೇಕು. ಮತ್ತೆ ಮೂತಿ ತಿರುಗಿಸಿ, ಮತ್ತೆ ಶೀಟ್ ಬಿಟ್ಟು ನೋಡಬೇಕು. ಜಿಬ್ ಮೊದಲಿಂದಲೂ ಬಿಟ್ಟೇ ಇರಬೇಕು, ಅದು ಮೂತಿಯನ್ನು ಎಳೆದಾಡಬಾರದು. ಆಮೇಲೆ ಎಳೆ, ಬಿಡು, ಎಳೆ, ಬಿಡು. ಕೊನೆಯ ದೋಣಿಯುದ್ದದಲ್ಲಿ ಏನೂ ಎಳೆಯುವಂತಿಲ್ಲ.

ಎಲ್ಲ ಸರಿಹೋದ ಆ ಸಲದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬೂಮ್ ಶ್ರೌಡ್‌ಗೆ ತಾಗದೇ ಒಂದು ಗೇಣು ಈಚೆಗೇ ಓಲಾಡುತ್ತಿತ್ತು. ಟಿಲ್ಲರ್‌ನಲ್ಲಿ (ಚುಕ್ಕಾಣಿಯ ಹಿಡಿಯಲ್ಲಿ) ನೀರಿನ ಒತ್ತಡ ಬರಬರುತ್ತಾ ಸಡಿಲವಾಗಿ, ಬೆರಳಿಗೆ ಗೊತ್ತಾಗದಷ್ಟು ಕಮ್ಮಿಯಾಯಿತು. ಗಾಳಿ ಬರುವ ಬದಿಯಲ್ಲಿ, ಶ್ರೌಡ್ ಪಕ್ಕದಲ್ಲೇ, ಸ್ವೆಟ್‌ಶರ್ಟಿನ ಒದ್ದೆ ತೋಳು ಬಂದು ತಾಗಿತು. ಗೆಳೆಯ ಬಗ್ಗಿ ಹಿಡಿದ. ದೋಣಿ ಅಲ್ಲಾಡದೇ ನಿಂತಿತ್ತು. ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ವಿಂಡ್‌ಸರ್ಫರ್ ತಿರುಗಿ ನೋಡಿದ!

ಗಾಳಿ ಬರುವ ಬದಿಯಲ್ಲೇ ಯಾಕೆ ಎತ್ತಬೇಕು ಅಂತ ಗೆಳೆಯನಿಗೂ ಪ್ರಶ್ನೆ ಇತ್ತು. ನಿಂತ ಡಿಂಗಿಯನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಮನುಷ್ಯ ಗಾಳಿ ಹೋಗುವ ಬದಿಯಲ್ಲಿ ಇದ್ದರೆ ದೋಣಿ ಅವನ ಮೇಲೇ ಬರುತ್ತದೆ. ಜೊತೆಗೆ ಎತ್ತುವವರ ಭಾರವೂ ಅದೇ ಬದಿಗೆ ಬಿದ್ದರೆ ಮಗುಚಲು ಇನ್ನೇನು ಬೇಕು?

ಪರೀಕ್ಷೆಯ ದಿನ ಪರೀಕ್ಷಕರು ಏನೂ ಮುನ್ಸೂಚನೆ ಕೊಡಲಿಲ್ಲ. ಗಂಟುಗಳ ಬಗ್ಗೆ ಮಾತಾಡುತ್ತಲೇ ಕುಶನ್ ಎತ್ತಿ ಹಿಂದಕ್ಕೆ ಎಸೆದರು. ಹಗುರದ ಕುಶನ್ ಅದು, ಗಾಳಿಗೆ ಜಾರುತ್ತಿತ್ತು. ಅದರ ಜಾರುವಿಕೆಗೂ ಸೇರಿಸಿ ಒಂದು ದೋಣಿಯುದ್ದ ಜಾಸ್ತಿ ಇಳಿದು ಬಂದೆ. ಒಂದೇ ಸಲಕ್ಕೆ ಕೈಗೆ ಬಂತು. ಅವರು ನೋಡಿದ್ದು ಕುಶನ್ ಸಿಕ್ಕಿತೇ ಅಂತ ಮಾತ್ರ ಅಲ್ಲ. "ಕೋನ ತಪ್ಪಿದ್ದರೆ ಏನು ಮಾಡುತ್ತಿದ್ದೆ?" ಅಂತಲೂ ಕೇಳಿದರು. ಸುಮ್ನೆ ಮುಂದೆ ಹೋಗಿ, ಇನ್ನೊಂದು ಸುತ್ತು ಬರುತ್ತಿದ್ದೆ ಅಂದೆ. ಸಂದೇಹ ಬಂದ ಕೂಡಲೇ ಬಿಟ್ಟು ಸುತ್ತು ಹೊಡೆಯುವವರ ಕೈಗೆ ಅವರು ಧೈರ್ಯವಾಗಿ ದೋಣಿ ಕೊಡುತ್ತಾರೆ. ಇಡೀ ರೇಟಿಂಗ್‌ನಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ವೇಗವಾಗಿ ಓಡಿಸಿ ತೋರಿಸು ಅಂತ ಯಾರೂ ಕೇಳಲಿಲ್ಲ. ಬೇಕಾದ ಕಡೆ ನಿಲ್ಲಿಸು ಅಂತಲೇ ಎಲ್ಲರೂ ಕೇಳಿದ್ದು.

ಈ ನಡುವೆ ಗ್ಯಾರೇಜಿನಲ್ಲಿ ಇನ್ನೊಂದು ಹುಚ್ಚು ಶುರುವಾಗಿದೆ. ಮಿರರ್ ಡಿಂಗಿ! 1962ರಲ್ಲಿ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಮನೆಯಲ್ಲೇ ಕಟ್ಟಿಕೊಳ್ಳಲಿ ಅಂತ ಮಾಡಿದ ದೋಣಿ. ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆಯ ಹೆಸರೇ ಅದಕ್ಕೆ ಬಂತು, ಪತ್ರಿಕೆಯ ಬಣ್ಣದ ಕೆಂಪು ಹಾಯಿಯೂ ಬಂತು. 3.3 ಮೀಟರ್ ಉದ್ದ. ಪ್ಲೈ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಒಳಗಿನಿಂದ ಟೇಪು ಮತ್ತು ರೆಸಿನ್ ಹಾಕಿ ಅಂಟಿಸೋದು. ಈ ಹೊಲಿಗೆ ವಿಧಾನವನ್ನು ಮನೆಮನೆಗೆ ಮುಟ್ಟಿಸಿದ್ದೇ ಈ ದೋಣಿ. 70,000ಕ್ಕೂ ಜಾಸ್ತಿ ಕಟ್ಟಲಾಗಿದೆ. ತುಂಬಾ ಮನೆಗಳಲ್ಲಿ ಊಟದ ಮೇಜು ಸರಿಸಿಯೇ ಕಟ್ಟಿರಬೇಕು. ನಾನು ಕಾರು ಹೊರಗೆ ನಿಲ್ಲಿಸಿದ್ದೇನೆ.

ಮೊದಲ ಪ್ಲೈ ಹಲಗೆ ಬಂದಿದೆ, ವಾಪಸ್ಸೂ ಹೋಗಿದೆ. ಮೆರೈನ್ ಪ್ಲೈ ಅಂತ ಬಿಲ್ ಹಾಕಿದ್ದರು. ಅಂಚು ಗರಗಸದಿಂದ ಕೊಯ್ದರೆ ನಡುವಿನ ಪದರದಲ್ಲಿ ಬೆರಳ ತುದಿ ಹೋಗುವಷ್ಟು ಪೊಳ್ಳು. ಅಲ್ಲಿ ನೀರು ಸೇರಿದರೆ ಒಳಗಿಂದಲೇ ಕೊಳೆಯುತ್ತದೆ. ಕೊಳ್ಳುವವರು ದಯವಿಟ್ಟು ಹಲಗೆಯ ನಾಲ್ಕೂ ಅಂಚು ಟಾರ್ಚ್ ಹಿಡಿದು ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ. ಪೊಳ್ಳಿರುವ ಕಡೆ ಸದ್ದು ಬದಲಾಗುತ್ತದೆ. ಎಪಾಕ್ಸಿ ಈ ಚಳಿಗೆ ಗಟ್ಟಿಯಾಗಲು ತುಂಬಾ ಹೊತ್ತು ತಗೊಳ್ಳುತ್ತಿದೆ. ಹೀಟರ್ ಹಚ್ಚಿ ನೋಡುತ್ತಿದ್ದೇನೆ.

ನೀರಿಗೆ ವಾಪಸ್ ಬರೋಣ. ಮುಂದಿನ ಗುರಿ ಸೀನಿಯರ್ ರೇಟಿಂಗ್. ಅದು ಬಂದರೆ ಕೀಲ್ ದೋಣಿಗಳನ್ನು (ತಳದಲ್ಲಿ ಭಾರದ ರೆಕ್ಕೆ ಇರುವ ದೊಡ್ಡ ದೋಣಿಗಳನ್ನು) ಕೊಲ್ಲಿಯ ಒಳಕ್ಕೆ ಒಯ್ಯಬಹುದು. ಸುಮಾರು 26 ಅಡಿಯ ಪಿಯರ್ಸನ್ ಕಮಾಂಡರ್ ಮೇಲೆ ನನಗೆ ಕಣ್ಣಿದೆ. ಕಾರ್ಲ್ ಆಲ್ಬರ್ಗ್ ಬಿಡಿಸಿದ ಹಳೇ ದೋಣಿ, ಅಗಲವಾದ ಕಾಕ್‌ಪಿಟ್, 2 ಟನ್ನಿಗೂ ಜಾಸ್ತಿ ತೂಕ. ಡಿಂಗಿಯ ಲೆಕ್ಕವೆಲ್ಲ ಅಲ್ಲಿ ಬದಲಾಗುತ್ತದೆ. ಹಾಯಿ ಬಿಟ್ಟ ಮೇಲೂ ಆ ತೂಕ ಎಷ್ಟೋ ದೂರ ತನ್ನಷ್ಟಕ್ಕೆ ಸಾಗುತ್ತದೆ. ಡಿಂಗಿಯಲ್ಲಿ ಒಂದು ದೋಣಿಯುದ್ದ ಸಾಕಾದ ಕಡೆ ಅಲ್ಲಿ ಮೂರು ನಾಲ್ಕು ಬೇಕು.

ಅದಕ್ಕಿಂತ ಮುಂಚೆ ಹಾಯಿಯಲ್ಲೇ ಡಾಕ್‌ಗೆ (ದೋಣಿ ಕಟ್ಟುವ ಕಟ್ಟೆಗೆ) ಬರೋದನ್ನು ಇನ್ನೂ ಪಳಗಿಸಬೇಕು. ಪರೀಕ್ಷೆಯಲ್ಲಿ ಸರಿಯಾಯಿತು, ಆದರೆ ಸೆಳೆತ ಇರುವ ಹೊತ್ತಿನಲ್ಲಿ ನನಗೆ ಇನ್ನೂ ತೃಪ್ತಿ ಇಲ್ಲ. ಕುಂಭಕರ್ಣ ನಮ್ಮ ಜೊತೆಗೇ ತೇಲುತ್ತಾನೆ. ಉಬ್ಬರ ಇಳಿತ ಏನೇ ಇದ್ದರೂ ದೋಣಿಯನ್ನೂ ಅವನನ್ನೂ ಒಂದೇ ಸಮ ಒಯ್ಯುತ್ತದೆ, ಹಾಗಾಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಡಾಕ್ ನೆಲಕ್ಕೆ ಕಟ್ಟಿದ್ದು. ಸೆಳೆತ ದೋಣಿಯನ್ನು ಮಾತ್ರ ಒಯ್ಯುತ್ತದೆ. ಅದೇ ಕ್ಲೋಸ್ ರೀಚ್, ಅದೇ ಶೀಟ್, ಆದರೂ ಡಾಕ್ ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಡಾಕ್‌ನ ಒಂದು ಕಂಬವನ್ನು ಹಿಂದಿನ ಯಾವುದಾದರೂ ಮರದ ಜೊತೆ ಒಂದೇ ಗೆರೆಗೆ ಇಟ್ಟು, ಆ ಗೆರೆ ಕದಲದಂತೆ ಬರಬೇಕು ಅಂತ ಹಿರಿಯ ಸ್ಕಿಪ್ಪರ್ ಒಬ್ಬರು ಹೇಳಿಕೊಟ್ಟಿದ್ದಾರೆ. ಈ ವಾರಾಂತ್ಯ ಅದನ್ನೇ ಮಾಡುತ್ತೇವೆ. ಇಳಿತ ಪೂರ್ತಿ ಆಗುವ ಮೊದಲೇ ಮುಗಿಸಬೇಕು, ಆಮೇಲೆ ದಡದ ಹತ್ತಿರ ಬರೀ ಕೆಸರು.

ಬೇ ಏರಿಯಾದಲ್ಲಿ ಪೊಳ್ಳಿಲ್ಲದ ಒಕುಮೆ (ದೋಣಿಗೆ ಬಳಸುವ ಹಗುರ ಮರ) ಪ್ಲೈ ಮತ್ತು ನಿಜವಾಗಿ ತೇಲುವ ಹಗ್ಗ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಜಿಬ್ ಹಿಡಿಯಲು ಯಾರಾದರೂ ಬರುವುದಾದರೆ ಶನಿವಾರ ಬನ್ನಿ, ಗೆಳೆಯ ಊರಿಗೆ ಹೋಗಿದ್ದಾನೆ. ಕುಂಭಕರ್ಣನನ್ನು ಎತ್ತುವ ಕೆಲಸ ನಿಮ್ಮದು.